ಬ್ರೇಕ್ ಹುಡುಕುವ ಬೆರಳುಗಳು

ವೆಲೊಡ್ರೋಮಿಗೆ, ಅಂದರೆ ಓರೆ ತಿರುವುಗಳಿರುವ ಸೈಕಲ್ ಓಟದ ಟ್ರ್ಯಾಕಿಗೆ, ಹೋಗುವ ಮುಂಚೆ ನನಗಿದ್ದ ಹೆದರಿಕೆ ಒಂದೇ. ಆ ಗೋಡೆಯಂಥ ತಿರುವಿನಿಂದ ಜಾರಿ ಬಿದ್ದರೆ? ಈಗ ಹೇಳುತ್ತೇನೆ, ತಿರುವು ನನ್ನನ್ನು ಕಾಡಿದ್ದು ಹೆಚ್ಚೆಂದರೆ ಅರ್ಧ ಗಂಟೆ. ಸೈಕಲ್ ನಿಲ್ಲಿಸುವುದು ಹೇಗೆ ಅನ್ನೋದು ಮೂರು ವಾರ ಕಾಡಿತು.

ರಸ್ತೆಯಲ್ಲಿ ಸೈಕಲ್ ತುಳಿಯುವುದು ನನಗೆ ಹಳೆಯ ಅಭ್ಯಾಸ. ಐವತ್ತು ಅರವತ್ತು ಕಿಲೋಮೀಟರ್ ಅಂದರೆ ದೊಡ್ಡ ವಿಷಯವೇನಲ್ಲ. ಹಾಗಾಗಿ ಟ್ರ್ಯಾಕ್ ಕೂಡ ಒಂದು ರಸ್ತೆಯೇ, ಸ್ವಲ್ಪ ಓರೆಯಾಗಿದೆ ಅಷ್ಟೇ ಅಂದುಕೊಂಡಿದ್ದೆ. ಹೊಸಬರ ತರಗತಿಗೆ ಹೆಸರು ಕೊಟ್ಟು ಒಳಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ಮರದ ವಾಸನೆ. ಆಮೇಲೆ ತಿರುವು ಕಣ್ಣಿಗೆ ಬಿತ್ತು. ಟಿವಿಯಲ್ಲಿ ನೋಡಿದರೆ ಅದು ಎಷ್ಟು ಕಡಿದು ಅನ್ನೋದು ಗೊತ್ತೇ ಆಗುವುದಿಲ್ಲ. 250 ಮೀಟರಿನ ಟ್ರ್ಯಾಕ್, ತಿರುವಿನಲ್ಲಿ ಸುಮಾರು 42 ಡಿಗ್ರಿ ಓರೆ. ಅದರ ಮೇಲೆ ನಡೆದು ಹತ್ತಲು ಹೋದರೆ ಕೈ ಊರಬೇಕಾಗುತ್ತದೆ. ನಾನು ಹೋಗಿ ಊರಿಯೂ ನೋಡಿದೆ. ಅಂಗೈ ತಣ್ಣಗಾಗಿತ್ತು. ಅದು ಮರದ ತಂಪೋ ನನ್ನ ಭಯವೋ ಗೊತ್ತಿಲ್ಲ.

ಸೈಕಲ್ ಅಲ್ಲೇ ಕೊಟ್ಟರು. ಎತ್ತಿದರೆ ಹಗುರ, ನೋಡಿದರೆ ಬೋಳು. ಗೇರಿನ ಕೇಬಲ್ ಇಲ್ಲ, ಬ್ರೇಕ್ ಇಲ್ಲ, ಬಾಟಲಿ ಇಡಲು ಜಾಗವೂ ಇಲ್ಲ. ಮುಂದಿನ ಚೈನ್‌ವೀಲ್‌ಗೆ 48 ಹಲ್ಲು, ಹಿಂದಿನದಕ್ಕೆ 15. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಆರೂವರೆ ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಮುಂದೆ ಹಲ್ಲು ಹೆಚ್ಚಿದಷ್ಟೂ ಈ ದೂರ ಹೆಚ್ಚು. ತುಳಿಯದೆ ಇದ್ದಾಗಲೂ ಚಕ್ರ ತಾನಾಗಿ ತಿರುಗಲು ಬಿಡುವ ಫ್ರೀವೀಲ್ ಇಲ್ಲದ ಕಾರಣ ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ನಿಮ್ಮ ಕಾಲನ್ನೂ ತಿರುಗಿಸುತ್ತದೆ. ತಿರುವಿನಲ್ಲೂ ತುಳಿಯುತ್ತಲೇ ಇರಬೇಕಲ್ಲ, ಪೆಡಲ್ ನೆಲಕ್ಕೆ ತಾಗಬಾರದು ಅಂತ ಪೆಡಲ್ ಕೂಡಿಸಿದ ಕ್ರ್ಯಾಂಕ್ ಅನ್ನೋ ತೋಳು ಸ್ವಲ್ಪ ಗಿಡ್ಡ, ಅದು ಕೂರುವ ಜಾಗ ಸ್ವಲ್ಪ ಎತ್ತರ.

ಬ್ರೇಕ್ ಯಾಕಿಲ್ಲ ಅಂತ ಕೇಳಿದೆ. ಕೋಚ್ ಮೇಡಂ ನಕ್ಕರು. "ನಿಮ್ಮ ಹಿಂದೆ ಒಂದು ಗೇಣು ದೂರದಲ್ಲಿ ಇನ್ನೊಬ್ಬರು ಬರುತ್ತಿರುತ್ತಾರೆ. ನೀವು ಬ್ರೇಕ್ ಹಿಡಿದರೆ ಅವರೇನು ಮಾಡಬೇಕು ಹೇಳಿ?" ಅಂದರು. ಸರಿಯಾದ ಮಾತು. ಯಾರ ಹತ್ತಿರವೂ ಬ್ರೇಕ್ ಇಲ್ಲದಿದ್ದರೆ ಯಾರೂ ತಟ್ಟನೆ ನಿಲ್ಲಲು ಆಗುವುದಿಲ್ಲ. ಎಲ್ಲರ ವೇಗವೂ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ತಲೆಗೆ ಇದು ಆ ಕ್ಷಣವೇ ಅರ್ಥವಾಯಿತು. ಬೆರಳುಗಳಿಗೆ ಅರ್ಥವಾಗಲಿಲ್ಲ.

ಮೊದಲ ಹತ್ತು ನಿಮಿಷ ಒಳಗಿನ ಸಮತಟ್ಟು ಜಾಗದಲ್ಲೇ ಸುತ್ತು. ಪೆಡಲಿಗೆ ಶೂ ಸಿಕ್ಕಿಸಿ, ಕಂಬಿ ಹಿಡಿದು ನಿಂತು, ಕೈ ಬಿಟ್ಟು ಹೊರಡುವುದು. ಹೊರಟ ಇಪ್ಪತ್ತು ಮೀಟರಿಗೇ ನಾನು ಮಾಡಬಾರದ್ದನ್ನು ಮಾಡಿದೆ. ರಸ್ತೆಯ ಅಭ್ಯಾಸದಂತೆ ತುಳಿಯುವುದನ್ನು ಬಿಟ್ಟು ಸುಮ್ನೆ ಕೂತೆ. ಹಿಂದಿನಿಂದ ಯಾರೋ ಒದ್ದ ಹಾಗಾಯಿತು. ಪೆಡಲ್ ನನ್ನ ಮೊಣಕಾಲನ್ನು ಎತ್ತಿ ಎಸೆಯಿತು, ಸೀಟಿನಿಂದ ಅರ್ಧ ಮೇಲೆ ಹಾರಿದೆ. ಅದೇ ಹೊತ್ತಿಗೆ ಎರಡೂ ಕೈಯ ನಡುಬೆರಳುಗಳು ಹ್ಯಾಂಡಲ್ ಮುಂದೆ ಚಾಚಿಕೊಂಡು ಇಲ್ಲದ ಬ್ರೇಕನ್ನು ಗಾಳಿಯಲ್ಲಿ ಹುಡುಕಿದವು. ಇಷ್ಟು ವರ್ಷ ಆ ಬೆರಳುಗಳು ಸದಾ ಬ್ರೇಕ್ ಮೇಲೇ ಇರುತ್ತಿದ್ದವು ಅಂತ ನನಗೆ ಗೊತ್ತಾದದ್ದು ಆವತ್ತೇ.

ಟ್ರ್ಯಾಕ್ ಮೇಲಿನ ಗೆರೆಗಳ ಪಾಠ ಆಮೇಲೆ. ತೀರಾ ಒಳಗೆ ತಿಳಿನೀಲಿ ಪಟ್ಟಿ ಇದೆ, ಅದಕ್ಕೆ ಕೋಟ್ ದಜೂರ್ ಅನ್ನುತ್ತಾರೆ. ಅದು ವೇಗ ಹಿಡಿದು ಟ್ರ್ಯಾಕ್ ಹತ್ತುವುದಕ್ಕೆ, ಇಳಿದು ಹೊರಗೆ ಬರುವುದಕ್ಕೆ. ಅದರಾಚೆ ಕಪ್ಪು ಗೆರೆ. 250 ಮೀಟರ್ ಅಂತ ಅಳೆಯುವುದು ಇದರ ಮೇಲೆಯೇ. ಒಳಗಿನ ಅಂಚಿನಿಂದ 85 ಸೆಂಟಿಮೀಟರ್ ಮೇಲೆ ಕೆಂಪು ಗೆರೆ, ಸ್ಪ್ರಿಂಟ್ ಓಡಿಸುವವರ ದಾರಿಯ ಗಡಿ. ಇನ್ನೂ ಮೇಲೆ ಗಾಢ ನೀಲಿ ಗೆರೆ. ನಿಧಾನ ಹೋಗುವವರು ಅದಕ್ಕಿಂತ ಮೇಲೆ, ವೇಗದವರು ಕೆಳಗೆ. ದಾಟುವುದು ಯಾವಾಗಲೂ ಬಲಗಡೆಯಿಂದ, ಅಂದರೆ ಹೊರಗಿನಿಂದ. ಎಲ್ಲರೂ ಎಡಕ್ಕೇ ತಿರುಗುತ್ತಾ ಸುತ್ತುವ ಕಾರಣ ಇದು ಬೇಗ ರೂಢಿಯಾಗುತ್ತದೆ. ಮುಂದಿದ್ದವರು ಅಲುಗದೆ ಇದ್ದ ಗೆರೆಯಲ್ಲೇ ಇರಲಿ ಅಂತ ಹಿಂದಿನಿಂದ ಬರುವವರು "ಸ್ಟೇ!" ಅಂತ ಕೂಗುತ್ತಾರೆ. ನನಗೆ ಮೊದಲ ಸಲ ಹಾಗೆ ಕೂಗಿದಾಗ ಯಾರು ಅಂತ ತಿರುಗಿ ನೋಡಿದೆ. ನೋಡಿದ ಕಡೆಗೇ ಸೈಕಲ್ಲೂ ಹೋಯಿತು. ಬೈಸಿಕೊಂಡೆ.

ಇನ್ನು ತಿರುವು. "ಭಯ ಆದರೆ ಜೋರಾಗಿ ತುಳಿಯಿರಿ" ಅಂತ ಮೇಡಂ ಹೇಳಿದ್ದರು. ಕೇಳಲು ತಲೆಕೆಳಗಾದ ಬುದ್ಧಿವಾದ. ಆದರೆ ಲೆಕ್ಕ ಹಾಕಿದರೆ ಸರಿ ಅನಿಸುತ್ತದೆ. ಇಂಥ ತಿರುವಿನಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಹೋದರೆ ಸೈಕಲ್ ಮರದ ಮೇಲ್ಮೈಗೆ ನೇರವಾಗಿ ನಿಂತ ಹಾಗೆ ಇರುತ್ತದೆ, ಟಯರಿಗೆ ಅಡ್ಡ ಎಳೆತವೇ ಇರುವುದಿಲ್ಲ. ಅದಕ್ಕಿಂತ ನಿಧಾನವಾದಷ್ಟೂ ಕೆಳಕ್ಕೆ ಎಳೆಯುವುದು ಜಾಸ್ತಿ, ಹಿಡಿದಿಡುವ ಕೆಲಸವೆಲ್ಲ ಟಯರಿನ ಹಿಡಿತದ್ದು. ಮೂವತ್ತರಲ್ಲಿ ಟಯರ್ ಆರಾಮಾಗಿ ಹಿಡಿಯುತ್ತದೆ. ತೀರಾ ನಿಧಾನವಾದರೆ ಮಾತ್ರ ಕೈ ಕೊಡುತ್ತದೆ. ರಸ್ತೆಯಲ್ಲಿ ಭಯವಾದಾಗ ನಾವು ಮಾಡುವ ಮೊದಲ ಕೆಲಸ ಇಲ್ಲಿ ಮಾಡಲೇಬಾರದ ಕೆಲಸ.

ಉಸಿರು ಬಿಗಿಹಿಡಿದು ಹೋದೆ. ನೇರ ಹಾದಿಯಲ್ಲಿ ವೇಗ ಹಿಡಿದು ಕಪ್ಪು ಗೆರೆಗೆ ಬಂದೆ. ತಿರುವು ಎದುರಿಗೆ ಎದ್ದು ನಿಂತಿತು. ಮುಂದಿನ ಚಕ್ರ ನೋಡಬೇಡಿ, ತಿರುವು ಮುಗಿಯುವ ಜಾಗ ನೋಡಿ ಅಂದಿದ್ದರು, ಹಾಗೇ ನೋಡಿದೆ. ಸೀಟಿನ ಮೇಲೆ ಮೈ ಸ್ವಲ್ಪ ಭಾರವಾದಂತೆ ಅನಿಸಿತು. ಅಷ್ಟೇ. ಅಷ್ಟರಲ್ಲಿ ಆ ಕಡೆಯ ನೇರ ಹಾದಿ ಬಂದಿತ್ತು. ಆರೇಳು ಸುತ್ತು ಕಳೆಯುವಷ್ಟರಲ್ಲಿ ಕೆಂಪು ಗೆರೆ, ಮತ್ತೆ ಆರೇಳು ಸುತ್ತಿಗೆ ನೀಲಿ. ಸುತ್ತಿಗೆ 30 ಸೆಕೆಂಡು ಅಂತ ಮೇಡಂ ಸ್ಟಾಪ್‌ವಾಚ್ ತೋರಿಸಿದರು. 250 ಮೀಟರಿನ ಟ್ರ್ಯಾಕಿನಲ್ಲಿ ಅಂದರೆ ಲೆಕ್ಕವೇ ಬೇಡ, ಗಂಟೆಗೆ ಸರಿಯಾಗಿ 30 ಕಿಲೋಮೀಟರ್. ಹೆಮ್ಮೆಯಾಯಿತು. ಆ ಹೆಮ್ಮೆ ಉಳಿದದ್ದು ಆವತ್ತು ರಾತ್ರಿಯವರೆಗೆ. ಇಟಲಿಯ ಫಿಲಿಪ್ಪೊ ಗಾನ್ನಾ 2022ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಂಚೆನ್ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ಹೋದದ್ದನ್ನು ಓದಿದೆ. ಸುತ್ತಿಗೆ 16 ಸೆಕೆಂಡೂ ಇಲ್ಲ, ಅಂಥವು 227 ಸುತ್ತು. ನಾನು ಹದಿನೈದನೇ ಸುತ್ತಿಗೇ ಇಳಿದು ನೀರು ಕೇಳಿದ್ದೆ.

ಇಳಿದೆ ಅಂತ ಸುಲಭವಾಗಿ ಬರೆದುಬಿಟ್ಟೆ. ಇಳಿಯಲು ಪಟ್ಟ ಪಾಡು ಬೇರೆಯೇ.

ನಿಲ್ಲಬೇಕಾದರೆ ಎರಡು ಸುತ್ತು ಮುಂಚೆಯೇ ತಯಾರಾಗಬೇಕು. ತುಳಿಯುವ ಬಲ ಕಡಿಮೆ ಮಾಡುತ್ತಾ, ನೇರ ಹಾದಿಯಲ್ಲಿ ಕೋಟ್ ದಜೂರ್ ದಾಟಿ ಸಮತಟ್ಟಿಗೆ ಇಳಿದು, ಪೆಡಲ್ ಹಿಂದಿನಿಂದ ಮೇಲೆ ಬರುವಾಗ ಅದರ ಮೇಲೆ ಕಾಲಿನ ಭಾರ ಇಟ್ಟು ಚಕ್ರವನ್ನು ತಡೆಯಬೇಕು. ಕೊನೆಗೆ ನಡಿಗೆಯ ವೇಗದಲ್ಲಿ ಕಂಬಿಯ ಪಕ್ಕಕ್ಕೆ ಬಂದು ಕೈಯಲ್ಲಿ ಹಿಡಿಯಬೇಕು. ಮೊದಲ ಸಲ ಕಂಬಿ ಪಕ್ಕದಲ್ಲೇ ಸರ್ರನೆ ಸರಿದು ಹೋಯಿತು. ಇನ್ನೊಂದು ಸುತ್ತು ಹಾಕಿದೆ. ಎರಡನೇ ಸಲ ಬೆರಳ ತುದಿ ತಾಗಿತು, ಹಿಡಿಯಲಾಗಲಿಲ್ಲ. ಮತ್ತೊಂದು ಸುತ್ತು. ಕಂಬಿಯ ಹತ್ತಿರ ಕೂತಿದ್ದ ಹುಡುಗನೊಬ್ಬ ಮೂರನೇ ಸಲ ನಾನು ಬರುವಾಗ ಕಾಲು ಹಿಂದಕ್ಕೆ ಎಳೆದುಕೊಂಡು ಕುಳಿತ. ಆ ಸಲ ಹಿಡಿದೆ. ಹಿಡಿದ ಖುಷಿಯಲ್ಲಿ ಶೂ ಪೆಡಲಿಗೆ ಸಿಕ್ಕಿಕೊಂಡಿದೆ ಅನ್ನೋದನ್ನೇ ಮರೆತು ಕಂಬಿ ಬಿಟ್ಟೆ. ನಿಂತಲ್ಲೇ ಸೈಕಲ್ ಸಮೇತ ದಬಕ್ಕನೆ ಪಕ್ಕಕ್ಕೆ ಬಿದ್ದೆ. ನಾನು ಅಲ್ಲಿ ಬಿದ್ದದ್ದು ಅದೊಂದೇ ಸಲ. ಸಮತಟ್ಟು ನೆಲದ ಮೇಲೆ, ಸೊನ್ನೆ ವೇಗದಲ್ಲಿ.

ಎರಡನೇ ವಾರ ಒಂದು ವಿಷಯ ಗೊತ್ತಾಯಿತು. ಟ್ರ್ಯಾಕಿನಲ್ಲಿ ಬ್ರೇಕ್ ಇಲ್ಲ ಅನ್ನೋದು ಪೂರ್ತಿ ನಿಜವಲ್ಲ. ಓರೆಯೇ ಬ್ರೇಕ್. ಏಳು ಮೀಟರ್ ಅಗಲದ ಟ್ರ್ಯಾಕಾದರೆ ತಿರುವಿನ ಮೇಲಂಚು ಕೆಳಗಿನ ಅಂಚಿಗಿಂತ ಸುಮಾರು ನಾಲ್ಕೂವರೆ ಮೀಟರ್ ಎತ್ತರದಲ್ಲಿರುತ್ತದೆ. ಮೇಲಕ್ಕೆ ಏರಿದರೆ ಕಾಲಿಗೆ ಶ್ರಮವಿಲ್ಲದೆ ವೇಗ ಕಡಿಮೆಯಾಗುತ್ತದೆ. ಇಳಿದರೆ ಪುಕ್ಕಟೆಯಾಗಿ ವಾಪಸ್ ಸಿಗುತ್ತದೆ. ಮುಂದಿನವರಿಗೆ ತೀರಾ ಹತ್ತಿರ ಬಂದೆ ಅನಿಸಿದರೆ ಒಂದು ಅಡಿ ಮೇಲೆ ಹೋದರೆ ಸಾಕು. ಸ್ಪ್ರಿಂಟ್ ಓಡಿಸುವವರು ಬೇಲಿಯ ಹತ್ತಿರ ಮೇಲೇರಿ ಸುತ್ತುತ್ತಾ ಇದ್ದಕ್ಕಿದ್ದಂತೆ ಕೆಳಕ್ಕೆ ಧುಮುಕುವುದು ಯಾಕೆ ಅಂತ ಆಗ ತಿಳಿಯಿತು. ನನಗೂ ಒಂದು ಸಲ ಧುಮುಕಲು ಬಿಟ್ಟರು. ಕೊನೆಯ 200 ಮೀಟರಿಗೆ 15 ಸೆಕೆಂಡು ಹಿಡಿಯಿತು. ದೊಡ್ಡ ಪಂದ್ಯಗಳ ಗಂಡಸರು ಇದನ್ನು ಹತ್ತು ಸೆಕೆಂಡಿನೊಳಗೆ ಮುಗಿಸುತ್ತಾರೆ. ನಾನು ಮಾತ್ರ ಇಳಿದ ಮೇಲೆ ಕಾಲು ಗಂಟೆ ಒಣಕೆಮ್ಮು ಕೆಮ್ಮುತ್ತಾ ಕೂತಿದ್ದೆ. ಹಾಗೇ ಇನ್ನೊಂದು ಮಾತು, ಯಾರೂ ಮೊದಲೇ ಹೇಳದೆ ಇದ್ದದ್ದು. ಸೀಟು ಇಲ್ಲಿ ಜಾಸ್ತಿ ನೋಯಿಸುತ್ತದೆ. ರಸ್ತೆಯಲ್ಲಿ ನಾವು ಆಗಾಗ ತುಳಿಯುವುದು ನಿಲ್ಲಿಸಿ ಸ್ವಲ್ಪ ಎದ್ದು ಕೂರುತ್ತೇವಲ್ಲ, ಆ ಪುರುಸೊತ್ತು ಇಲ್ಲಿಲ್ಲ. ಒಳ್ಳೆಯ ಪ್ಯಾಡ್ ಇರುವ ಚಡ್ಡಿ ಹಾಕಿಕೊಂಡು ಹೋಗಿ. ಕೈಗವಸೂ ಬೇಕು, ಬಿದ್ದರೆ ಮೊದಲು ಸುಲಿಯುವುದು ಅಂಗೈ.

ಮೂರನೇ ವಾರ ಪರೀಕ್ಷೆ. ಪಾಸಾದರೆ ಹೊಸಬರ ತರಗತಿ ಬಿಟ್ಟು ಉಳಿದವರ ಜೊತೆ ಓಡಿಸಬಹುದು. ನಾಲ್ವರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಮುಂದಿದ್ದವರು ಗಾಳಿ ಸೀಳುತ್ತಾರೆ, ಹಿಂದಿನವರು ಅವರ ಮರೆಯಲ್ಲಿ ಉಳಿತಾಯ ಮಾಡುತ್ತಾರೆ. ಒಂದು ಸುತ್ತಾದ ಮೇಲೆ ಮುಂದಿನವರು ತಿರುವಿನಲ್ಲಿ ಮೇಲಕ್ಕೆ ಸರಿದು, ಉಳಿದ ಮೂವರನ್ನು ಕೆಳಗೆ ಹೋಗಲು ಬಿಟ್ಟು, ಕೊನೆಯವರ ಹಿಂದೆ ಬಂದು ಸೇರಿಕೊಳ್ಳಬೇಕು. ಇಲ್ಲೂ ಬ್ರೇಕ್ ಕೆಲಸ ಓರೆಯದ್ದೇ. ನನ್ನ ಸರದಿ ಬಂತು. ಚೆನ್ನಾಗಿ ಎಳೆದೆ, ತಿರುವಿಗೆ ಬಂದೆ, ಮೇಲಕ್ಕೆ ಸರಿದೆ.

"ಸ್ಟೇ! ಸ್ಟೇ!"

ಮೇಲಿನಿಂದ ಇನ್ನೊಂದು ಸಾಲು ಬರುತ್ತಿತ್ತು. ನಾನು ಬಲಭುಜದ ಮೇಲಿಂದ ಹಿಂದೆ ನೋಡಿರಲೇ ಇಲ್ಲ. ಅವರು ಬೇಲಿಯ ಪಕ್ಕಕ್ಕೆ ಹೋಗಿ ಹೇಗೋ ತಪ್ಪಿಸಿಕೊಂಡರು. ಜೀವ ಬಾಯಿಗೆ ಬಂತು. ನನ್ನ ಬೆರಳುಗಳು ಮತ್ತೆ ಗಾಳಿಯಲ್ಲಿದ್ದವು. ಆದರೆ ಕಾಲು ತುಳಿಯುತ್ತಲೇ ಇತ್ತು, ಆ ಗಾಬರಿಯಲ್ಲೂ ಅದನ್ನು ಗಮನಿಸಿದೆ.

ಮೇಡಂ ಕೈಸನ್ನೆ ಮಾಡಿ ಇಳಿಸಿದರು. ಬೈಯಲಿಲ್ಲ. "ನೀವು ಓಡಿಸಿದ್ದು ಚೆನ್ನಾಗಿತ್ತು, ಕತ್ತು ತಿರುಗಲಿಲ್ಲ. ಮುಂದಿನ ವಾರ ಬನ್ನಿ" ಅಂದರು. ಆ ವಾರವಿಡೀ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಬಲಕ್ಕೆ ಕತ್ತು ತಿರುಗಿಸುವುದನ್ನು ಅಭ್ಯಾಸ ಮಾಡಿದೆ. ಭುಜ ಅಲುಗಬಾರದು, ಕೈ ಎಳೆಯಬಾರದು, ಗಲ್ಲ ಮಾತ್ರ ಭುಜದ ಕಡೆ ಹೋಗಬೇಕು. ನೋಡಿದವರಿಗೆ ಕತ್ತು ಉಳುಕಿದೆಯೇನೋ ಅನಿಸಿರಬೇಕು.

ನಾಲ್ಕನೇ ವಾರ ಮತ್ತೆ ಅದೇ ಸಾಲು, ಅದೇ ತಿರುವು. ನೋಡಿದೆ, ಸರಿದೆ, ಮೂವರು ಕೆಳಗೆ ಹೋದರು, ಕೊನೆಯವರ ಚಕ್ರದ ಹಿಂದೆ ಇಳಿದೆ. ಎಂಟು ಸಲ ಸರದಿ ಬಂತು, ಎಂಟೂ ಸಲ ನೋಡಿದೆ. ಕಂಬಿ ಒಂದೇ ಪ್ರಯತ್ನಕ್ಕೆ ಸಿಕ್ಕಿತು. ಮೇಡಂ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡು ನನ್ನ ಸೈಕಲ್ಲಿನ ಚೈನ್ ಕಡೆ ಬಗ್ಗಿ ನೋಡಿದರು.

"ಮುಂದಿನ ವಾರದಿಂದ 49 ಹಲ್ಲಿನದು ಹಾಕೋಣ, ಅಲ್ವಾ?"