ರಿಪೋರ್ಟಿಗೂ ಬಿಲ್ಲಿಂಗ್ ಡೇಟಾಬೇಸನ್ನೇ ಬಳಸುತ್ತಿದ್ದೀರಾ?

ಬಿಲ್ಲಿಂಗ್ ನಡೆಯುವ ಡೇಟಾಬೇಸಿನ ಮೇಲೇ ವರ್ಷದ ಮಾರಾಟದ ರಿಪೋರ್ಟ್ ಓಡಿಸುವವರಿಗೆ ಒಂದು ಸಲಹೆ. ಒಂದೊಂದೇ ಬಿಲ್ಲನ್ನು ಬೇಗ ಬರೆದು ಮುಗಿಸುವುದು ಅದರ ಕೆಲಸ. ಲಕ್ಷಗಟ್ಟಲೆ ಸಾಲು ಕೂಡಿಸಲು ಹೇಳಿದರೆ ಬಿಲ್ಲೇ ನಿಧಾನವಾಗುತ್ತದೆ. ಇಷ್ಟಕ್ಕೆ ಒಂದು ರೀಡ್ ರೆಪ್ಲಿಕಾ (ಓದಲು ಮಾತ್ರ ಬಳಸುವ, ಅದೇ ಡೇಟಾಬೇಸಿನ ನಕಲು) ಇದ್ದರೂ ಸಾಕು.

ನಿಜವಾದ ತಲೆನೋವು ಹಳೆಯ ಮಾಹಿತಿಯದು. ಒಬ್ಬ ಗ್ರಾಹಕರು ಮಾರ್ಚಿನಲ್ಲಿ ಉತ್ತರ ವಲಯದಿಂದ ದಕ್ಷಿಣಕ್ಕೆ ಹೋದರು ಅಂದುಕೊಳ್ಳಿ. ಬಿಲ್ಲಿಂಗ್ ಡೇಟಾಬೇಸಿನಲ್ಲಿ ಸಾಮಾನ್ಯವಾಗಿ ವಲಯದ ಕಾಲಂ ಅನ್ನು ಸುಮ್ನೆ ಅಳಿಸಿ ಬರೆದಿರುತ್ತಾರೆ. ಆಮೇಲೆ ರಿಪೋರ್ಟ್ ತೆಗೆದರೆ ಅವರ ಜನವರಿಯ ಖರೀದಿಯೂ ದಕ್ಷಿಣದ ಲೆಕ್ಕಕ್ಕೇ ಸೇರುತ್ತದೆ. ಉತ್ತರದ ತಂಡಕ್ಕೆ ವಿನಾಕಾರಣ ಬೈಗುಳ, ಅಲ್ವಾ?

ಡೇಟಾ ವೇರ್‌ಹೌಸ್‌ನಲ್ಲಿ (ರಿಪೋರ್ಟಿಗೆಂದೇ ಬೇರೆಯಾಗಿ ಇಡುವ ಡೇಟಾಬೇಸ್) ಹಾಗೆ ಅಳಿಸಬೇಡಿ. ಗ್ರಾಹಕರ ಟೇಬಲ್ಲಿಗೆ ಶುರುವಿನ ತಾರೀಖು, ಕೊನೆಯ ತಾರೀಖು ಅಂತ ಎರಡು ಕಾಲಂ ಇಡಿ. ವಲಯ ಬದಲಾದರೆ ಹಳೆಯ ಸಾಲಿಗೆ ಕೊನೆಯ ತಾರೀಖು ಹಾಕಿ, ಹೊಸ ಕೀ (ಆ ಸಾಲನ್ನು ಗುರುತಿಸುವ ನಂಬರ್) ಕೊಟ್ಟು ಹೊಸ ಸಾಲು ಸೇರಿಸಿ. ಮಾರಾಟದ ಟೇಬಲ್ಲಿನಲ್ಲಿ ಆಯಾ ಹೊತ್ತಿನ ಕೀ ಇರಲಿ. ಹಳೆಯದನ್ನೂ ಉಳಿಸಿಕೊಳ್ಳುವ ಈ ವಿಧಾನಕ್ಕೆ ಟೈಪ್ 2 ಅಂತಾರೆ. ಎಲ್ಲದಕ್ಕೂ ಇದು ಬೇಡ. ಫೋನ್ ನಂಬರ್ ಬದಲಾದರೆ ಅಳಿಸಿ ಬರೆದರೂ ನಷ್ಟವಿಲ್ಲ.

ಇನ್ನೊಂದು, ಮಾರಾಟದ ಟೇಬಲ್ಲಿನ ಒಂದು ಸಾಲು ಅಂದರೆ ಇಡೀ ಬಿಲ್ಲೋ, ಬಿಲ್ಲಿನ ಒಂದು ಐಟಮ್ಮೋ ಅಂತ ಮೊದಲೇ ತೀರ್ಮಾನಿಸಿ. ಎರಡನ್ನೂ ಬೆರೆಸಿದರೆ 3 ಐಟಮ್ ಇರುವ ಬಿಲ್ಲಿನ ಸಾಗಣೆ ಖರ್ಚು ಪ್ರತಿ ಐಟಮ್ಮಿನ ಸಾಲಿನಲ್ಲೂ ಬಂದು 3 ಸಲ ಕೂಡಿಕೊಳ್ಳುತ್ತದೆ. ರಾತ್ರಿ ವೇರ್‌ಹೌಸಿಗೆ ಡೇಟಾ ಲೋಡ್ ಆದಮೇಲೆ ಬಿಲ್ಲಿಂಗ್ ಡೇಟಾಬೇಸ್, ವೇರ್‌ಹೌಸ್ ಎರಡೂ ಕಡೆಯ ದಿನದ ಮೊತ್ತ ತಾಳೆ ನೋಡುವ ಒಂದು ಕ್ವೆರಿ ಹಾಕಿಡಿ. ತಾಳೆಯಾಗದಿದ್ದರೆ ಆ ದಿನದ ಡ್ಯಾಶ್‌ಬೋರ್ಡನ್ನು ಯಾರಿಗೂ ಕಳಿಸಬೇಡಿ.