ಹಾನಿಯಾದ ಟಾರ್ಕ್ ಕನ್ವರ್ಟರನ್ನು ಮತ್ತೆ ಜೋಡಿಸಬಹುದೇ? ನನ್ನ ಅನುಭವ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿದ ಮೇಲೆ, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಏನಾದರೂ ಹಾನಿ ಕಂಡರೆ ಅದನ್ನೇ ಮತ್ತೆ ಹಾಕಬಹುದೇ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ನಾನು ಒಮ್ಮೆ ಅವಸರದಲ್ಲಿ ‘ಹಾಕಬಹುದು’ ಎಂದು ಉತ್ತರ ಕೊಟ್ಟೆ. ಮೂರು ತಿಂಗಳೊಳಗೆ ಅದೇ ಗೇರ್‌ಬಾಕ್ಸನ್ನು ಎರಡನೆಯ ಸಲ ಇಳಿಸಬೇಕಾಯಿತು. ಆ ಎರಡು ಸಲವೂ ಕಂಡದ್ದನ್ನು, ಅದರಿಂದ ನನ್ನ ಕೆಲಸದ ಕ್ರಮ ಬದಲಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರು ಬಂದದ್ದು ಆಯಿಲ್ ಸೋರಿಕೆಯ ದೂರಿನೊಂದಿಗೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ, ಕನ್ವರ್ಟರನ್ನು ಮುಚ್ಚುವ ಕವಚವಾದ ಬೆಲ್ ಹೌಸಿಂಗ್‌ನ ತಳದಿಂದ ಕೆಂಪು ಆಯಿಲ್ ಹನಿಹನಿಯಾಗಿ ಬೀಳುತ್ತಿತ್ತು. ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದರೆ ಸಣ್ಣ ನಡುಕ ಬರುತ್ತದೆ ಎಂದೂ ಮಾಲೀಕರು ಹೇಳಿದ್ದರು. ಸೋರಿಕೆಯೇ ಮುಖ್ಯವೆಂದುಕೊಂಡ ನಾನು ಆ ಮಾತನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಕನ್ವರ್ಟರನ್ನು ಹೊರಗೆಳೆದಾಗ, ಆಯಿಲ್ ಪಂಪಿನೊಳಗೆ ಸೇರುವ ಅದರ ಕೊಳವೆಯಂಥ ಕತ್ತಾದ ಹಬ್‌ನ ಮೇಲೆ, ಆಯಿಲ್ ಸೋರದಂತೆ ತಡೆಯುವ ಸೀಲ್‌ನ ತುಟಿ ಉಜ್ಜುವ ಜಾಗದಲ್ಲೇ ಸುತ್ತಲೂ ಒಂದು ಗೆರೆ ಕೊರೆದಿತ್ತು. ಉಗುರನ್ನು ಅಡ್ಡ ಎಳೆದರೆ ಒಂದು ಬದಿಯಲ್ಲಿ ಸ್ಪಷ್ಟವಾಗಿ ಸಿಕ್ಕಿಕೊಳ್ಳುತ್ತಿತ್ತು, ಎದುರು ಬದಿಯಲ್ಲಿ ಸುಮ್ಮನೆ ಜಾರಿ ಹೋಗುತ್ತಿತ್ತು. ಈ ವ್ಯತ್ಯಾಸ ನನಗೆ ಏನನ್ನೋ ಹೇಳುತ್ತಿದೆ ಎಂಬುದು ಆಗ ಹೊಳೆಯಲಿಲ್ಲ. ನಯವಾದ ಎಮರಿ ಬಟ್ಟೆಯಿಂದ ಹಬ್ಬನ್ನು ಸುತ್ತಲೂ ಉಜ್ಜಿ, ತೊಳೆದು, ಹೊಸ ಸೀಲ್ ಹಾಕಿ ಜೋಡಿಸಿದೆ. ಸೋರಿಕೆ ನಿಂತಿತು, ಕಾರು ಹೋಯಿತು.

ಅದು ಮರಳಿ ಬಂದಾಗ ಸೋರಿಕೆ ಮೊದಲಿಗಿಂತ ಹೆಚ್ಚಾಗಿತ್ತು. ಜೊತೆಗೆ ಎಚ್ಚರಿಕೆ ದೀಪ ಉರಿಯುತ್ತಿತ್ತು, ಸ್ಕ್ಯಾನರ್‌ನಲ್ಲಿ ಪಿ0741 ಕೋಡ್ ಬಂತು. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ, ಕನ್ವರ್ಟರ್‌ನೊಳಗಿನ ಲಾಕಪ್ ಕ್ಲಚ್ ಹಿಡಿಯಬೇಕಾದಾಗ ಹಿಡಿಯುತ್ತಿಲ್ಲ, ಜಾರುತ್ತಿದೆ ಎಂಬುದು ಅದರ ಅರ್ಥ. ಲಾಕಪ್ ಪೂರ್ತಿ ಹಿಡಿದಿರುವಾಗ ಎಂಜಿನ್ ಸುತ್ತುವ ವೇಗಕ್ಕೂ ಟರ್ಬೈನ್ (ಗೇರ್‌ಬಾಕ್ಸನ್ನು ತಿರುಗಿಸುವ, ಕನ್ವರ್ಟರ್‌ನ ಒಳಚಕ್ರ) ಸುತ್ತುವ ವೇಗಕ್ಕೂ ಅಂತರವೇ ಇರಬಾರದು. ಸ್ಕ್ಯಾನರ್‌ನ ಪರದೆಯಲ್ಲಿ ಆ ಎರಡು ಅಂಕಿಗಳು ಹತ್ತಿರ ಬರುವುದು, ಮತ್ತೆ ಬೇರ್ಪಡುವುದು ನಡೆದೇ ಇತ್ತು, ಪ್ರತಿ ಬಾರಿ ಬೇರ್ಪಟ್ಟಾಗಲೂ ಕಾರು ನಡುಗುತ್ತಿತ್ತು. ಮೂರು ತಿಂಗಳ ಹಿಂದೆ ಮಾಲೀಕರು ಹೇಳಿದ ಅದೇ ನಡುಕ.

ಎರಡನೆಯ ಸಲ ಇಳಿಸಿದಾಗ ಮೊದಲು ಮಾಡಿದ್ದು ಕನ್ವರ್ಟರನ್ನು ಬೋರಲು ಹಾಕಿ ಅದರೊಳಗಿನ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದದ್ದು. ಆಯಿಲ್ ಬಟ್ಟೆಯಲ್ಲಿ ಇಂಗಿದ ಮೇಲೆ ಕಪ್ಪು ಹುಡಿ ಉಳಿಯಿತು. ಬಟ್ಟೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದಾಗ ಆ ಹುಡಿಯ ನಡುವೆ ಬೆಳ್ಳಿ ಬಣ್ಣದ ಕಣಗಳು ಮಿನುಗಿದವು. ಕಪ್ಪು ಹುಡಿ ಕ್ಲಚ್ಚಿನ ಲೈನಿಂಗ್ ಸವೆದದ್ದು. ಮಿನುಗುವ ಕಣಗಳು ಲೋಹದವು, ಅಂದರೆ ಬೇರಿಂಗೋ ಬುಷ್ಷೋ (ತಿರುಗುವ ಭಾಗವನ್ನು ಹಿಡಿದಿಡುವ ಲೋಹದ ಬಳೆ) ಸವೆಯುತ್ತಿದೆ. ಈ ಪರೀಕ್ಷೆಗೆ ಹತ್ತು ನಿಮಿಷವೂ ಬೇಡ. ಮೊದಲ ಸಲವೇ ಇದನ್ನು ಮಾಡಿದ್ದರೆ ನನ್ನ ನಿರ್ಧಾರ ಬೇರೆಯಾಗಿರುತ್ತಿತ್ತು.

ಬಳಿಕ ಪಂಪಿನ ಬುಷ್ ನೋಡಿದೆ. ಅದು ಸುತ್ತಲೂ ಒಂದೇ ಸಮನಾಗಿ ಸವೆದು ಅಗಲವಾಗಿತ್ತು, ಹಬ್ ಮಾತ್ರ ಒಂದೇ ಬದಿಯಲ್ಲಿ ಸವೆದಿತ್ತು. ಇದನ್ನು ಕೆಲಸ ಕಲಿಯುವವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಬೆಲ್ ಹೌಸಿಂಗ್‌ನ ಡೋವೆಲ್ ಪಿನ್ (ಗೇರ್‌ಬಾಕ್ಸನ್ನು ಸರಿಯಾದ ಜಾಗದಲ್ಲಿ ಕೂರಿಸುವ ಗೂಟ) ಬಿಟ್ಟುಹೋಗಿ ಗೇರ್‌ಬಾಕ್ಸೇ ಓರೆಯಾಗಿ ಕೂತಿದ್ದರೆ, ನಿಂತಲ್ಲೇ ನಿಂತಿರುವ ಬುಷ್ ಒಂದು ಬದಿಯಲ್ಲಿ ಸವೆಯುತ್ತದೆ ಮತ್ತು ತಿರುಗುವ ಹಬ್ ಸುತ್ತಲೂ ಸವೆಯುತ್ತದೆ. ಹಬ್ ಒಂದು ಬದಿ, ಬುಷ್ ಸುತ್ತಲೂ ಸವೆದಿದ್ದರೆ ದೋಷ ಹಬ್‌ನೊಂದಿಗೇ ತಿರುಗುತ್ತಿದೆ ಎಂದರ್ಥ. ಹಬ್ ಕೇಂದ್ರ ತಪ್ಪಿ ಓಲಾಡುವಾಗ ಎಷ್ಟೇ ಒಳ್ಳೆಯ ಸೀಲ್ ಹಾಕಿದರೂ ಅದರ ತುಟಿ ಹಬ್ಬನ್ನು ಹಿಂಬಾಲಿಸಲಾರದು.

ಅನುಮಾನ ಉಳಿಯಬಾರದೆಂದು ಕನ್ವರ್ಟರನ್ನು ಎಂಜಿನ್ನಿನ ಕ್ರ್ಯಾಂಕಿನ (ತಿರುಗುವ ದಂಡದ) ತುದಿಯ ತೆಳು ತಟ್ಟೆಯಾದ ಫ್ಲೆಕ್ಸ್ ಪ್ಲೇಟ್‌ಗೆ ಬೋಲ್ಟ್ ಮಾಡಿ, ಡಯಲ್ ಗೇಜಿನ ಮುಳ್ಳನ್ನು ಹಬ್‌ನ ಮೇಲೆ ಇಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಆ ಕಾರಿನ ಕೈಪಿಡಿ ಹಬ್‌ನ ಓಲಾಟಕ್ಕೆ ಕೊಟ್ಟಿದ್ದ ಮಿತಿ 0.30 ಮಿ.ಮೀ., ಗೇಜ್ ತೋರಿಸಿದ್ದು 0.45. ಬೋಲ್ಟ್ ತೂತುಗಳನ್ನು ಒಂದೊಂದೇ ಮುಂದಕ್ಕೆ ಸರಿಸಿ ಕೂರಿಸಿ ಮತ್ತೆ ಅಳೆದೆ. ಕೆಲವು ಸಲ ಹೀಗೆ ಸರಿಸುವುದರಿಂದಲೇ ಓಲಾಟ ಮಿತಿಯೊಳಕ್ಕೆ ಬಂದುಬಿಡುತ್ತದೆ, ಆದ್ದರಿಂದ ಇದನ್ನು ಮಾಡದೆ ಕನ್ವರ್ಟರನ್ನು ದೂರುವುದು ಸರಿಯಲ್ಲ. ಇಲ್ಲಿ ಎಲ್ಲಿ ಕೂರಿಸಿದರೂ 0.40ರ ಕೆಳಗೆ ಇಳಿಯಲಿಲ್ಲ. ಫ್ಲೆಕ್ಸ್ ಪ್ಲೇಟನ್ನು ಪ್ರತ್ಯೇಕವಾಗಿ ಅಳೆದಾಗ ಅದು ನೆಟ್ಟಗಿತ್ತು.

ಆ ಕನ್ವರ್ಟರನ್ನು ಇನ್ನು ಬಳಸುವುದಿಲ್ಲವೆಂದು ನಿರ್ಧರಿಸಿದ ಮೇಲೆ, ಒಳಗೆ ಏನಾಗಿದೆ ಎಂದು ನೋಡಲೇಬೇಕೆನಿಸಿ ಲೇತಿನಲ್ಲಿ ಬೆಸುಗೆಯ ಗೆರೆಯುದ್ದಕ್ಕೂ ಕತ್ತರಿಸಿ ತೆರೆದೆ. ಲಾಕಪ್ ಪ್ಲೇಟಿನ ಲೈನಿಂಗ್ ಒಂದು ಅಂಚಿನಲ್ಲಿ ಪೂರ್ತಿ ಸವೆದು ಅಂಟಿನ ಕಲೆ ಮಾತ್ರ ಉಳಿದಿತ್ತು. ಅದು ಒತ್ತಿ ಹಿಡಿಯುವ ಮುಂಗವಚದ (ಕನ್ವರ್ಟರ್‌ನ ಎಂಜಿನ್ ಬದಿಯ ಹೊರ ಮುಚ್ಚಳ) ಒಳಮುಖದಲ್ಲಿ ಅಲ್ಲಲ್ಲಿ ನೀಲಿ ಮಚ್ಚೆಗಳಿದ್ದವು. ಉಕ್ಕು ಹಾಗೆ ನೀಲಿಯಾಗುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಅಂಥ ಬಿಸಿಯಲ್ಲಿ ಆಯಿಲ್ ಸುಟ್ಟೇ ಹೋಗುತ್ತದೆ. ಆಯಿಲ್ ಹರಿವಿನ ದಿಕ್ಕನ್ನು ತಿರುಗಿಸುವ ನಡುವಿನ ಚಕ್ರವಾದ ಸ್ಟೇಟರ್‌ನ ಪಕ್ಕದ ಸೂಜಿ ಬೇರಿಂಗ್‌ನ ಓಡುಮೈಯಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಹೊರ ಅಂಚಿನ ಒಳಗೋಡೆಗೆ ಕಪ್ಪು ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಬೆರಳಿನಿಂದ ಉಜ್ಜಿದರೂ ಬರಲಿಲ್ಲ, ಕೆರೆಯಬೇಕಾಯಿತು. ಕನ್ವರ್ಟರ್ ಸುತ್ತುವಾಗ ಭಾರವಾದ ಕಣಗಳು ಹೊರ ಅಂಚಿಗೆ ಎಸೆಯಲ್ಪಟ್ಟು ಅಲ್ಲೇ ಕೂರುತ್ತವೆ. ಬಾಯಿಂದ ದ್ರಾವಕ ಸುರಿದು ಅಲ್ಲಾಡಿಸಿದರೆ ಕನ್ವರ್ಟರ್ ಶುದ್ಧವಾಗುತ್ತದೆ ಎಂಬ ನಂಬಿಕೆ ನನ್ನಲ್ಲೂ ಇತ್ತು, ಆ ಕೆಸರನ್ನು ಕೆರೆದ ದಿನದಿಂದ ಅದು ಹೋಯಿತು. ಅದನ್ನು ತೊಳೆಯುವ ಸರಿಯಾದ ದಾರಿ ಕತ್ತರಿಸಿ ತೆರೆದು, ಸವೆದದ್ದನ್ನು ಬದಲಿಸಿ, ಮತ್ತೆ ಬೆಸೆದು, ಸೋರಿಕೆ ಮತ್ತು ತೂಕದ ಸಮತೋಲ ಪರೀಕ್ಷಿಸುವುದು. ಆ ಸಲಕರಣೆ ಇರುವ ಕಡೆ ಮಾತ್ರ ಅದು ಸಾಧ್ಯ.

ಒಳಗಿನ ಹಾನಿಯ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಆಯಿಲ್ ಹರಿಯುವ ದಾರಿ. ಗೇರ್‌ಬಾಕ್ಸಿನ ಫಿಲ್ಟರ್ ಇರುವುದು ಪಂಪು ಆಯಿಲ್ ಹೀರುವ ಬಾಯಲ್ಲಿ. ಕನ್ವರ್ಟರ್‌ನಿಂದ ಹೊರಬಂದ ಆಯಿಲ್ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಮೊದಲು ಕೂಲರ್‌ಗೆ, ಅಲ್ಲಿಂದ ಬೇರಿಂಗು ಬುಷ್ಷುಗಳನ್ನು ನೆನೆಸುವ ನಾಳಗಳಿಗೆ ಹೋಗಿ, ಆಮೇಲಷ್ಟೇ ತಳದಲ್ಲಿ ಆಯಿಲ್ ಸಂಗ್ರಹವಾಗುವ ತಟ್ಟೆಗೆ, ಅಂದರೆ ‘ಸಂಪ್’ಗೆ ಬೀಳುತ್ತದೆ. ಹೀಗಾಗಿ ಕನ್ವರ್ಟರ್ ಉಗುಳಿದ ಲೋಹದ ಕಣ ಫಿಲ್ಟರನ್ನು ಕಾಣುವ ಮೊದಲೇ ಗೇರ್‌ಬಾಕ್ಸಿನ ಬೇರಿಂಗ್‌ಗಳನ್ನು ಮುಟ್ಟಿರುತ್ತದೆ. ‘ಓಡುತ್ತಿದೆಯಲ್ಲ, ಓಡುವಷ್ಟು ದಿನ ಓಡಲಿ’ ಎಂದು ಮಾಲೀಕರು ಹೇಳಿದಾಗ ನಾನು ಈಗ ಈ ದಾರಿಯನ್ನೇ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಕನ್ವರ್ಟರ್ ಇನ್ನೆಷ್ಟು ದಿನ ಓಡೀತು ಎಂಬುದಕ್ಕಿಂತ, ಆ ದಿನಗಳಲ್ಲಿ ಅದು ಗೇರ್‌ಬಾಕ್ಸಿಗೆ ಏನನ್ನು ಕಳಿಸುತ್ತದೆ ಎಂದು ನೋಡಬೇಕು.

ಹಾಗೆಂದು ಕಲೆ ಕಂಡ ಕನ್ವರ್ಟರನ್ನೆಲ್ಲ ನಾನು ಎಸೆಯುವುದಿಲ್ಲ. ಉಗುರಿಗೆ ಸಿಗದಷ್ಟು ತೆಳುವಾದ ಉಜ್ಜು ಗುರುತು, ಕ್ರ್ಯಾಂಕಿನೊಳಗೆ ಕೂರುವ ಮೂತಿಯ ಮೇಲಿನ ತುಕ್ಕಿನ ಕಲೆ, ಟ್ಯಾಪ್ ಹಾಕಿದರೆ ಸರಿಹೋಗುವ ಬೋಲ್ಟ್ ತೂತಿನ ಹಾಳಾದ ಮರೆ (ಥ್ರೆಡ್), ಇವಿಷ್ಟೇ ಇದ್ದು ಆಯಿಲ್ ಶುದ್ಧವಾಗಿದ್ದರೆ ಧೈರ್ಯವಾಗಿ ಮತ್ತೆ ಹಾಕಿದ್ದೇನೆ, ಅವು ಚೆನ್ನಾಗಿಯೇ ಓಡುತ್ತಿವೆ. ಮುಂಗವಚ ತಗ್ಗಾಗಿದ್ದರೆ ಮಾತ್ರ, ತಗ್ಗು ಸಣ್ಣದಾಗಿ ಕಂಡರೂ ಬಿಡುವುದಿಲ್ಲ. ಹಲವು ವಿನ್ಯಾಸಗಳಲ್ಲಿ ಅದರ ಒಳಮುಖವೇ ಲಾಕಪ್ ಕ್ಲಚ್ ಹಿಡಿಯುವ ಮೈ. ಹಬ್ ನೀಲಿಯಾಗಿದ್ದರೆ, ಪಂಪನ್ನು ತಿರುಗಿಸುವ ಅದರ ಕಚ್ಚುಗಳು ಜಜ್ಜಿಹೋಗಿದ್ದರೆ, ಕನ್ವರ್ಟರ್ ಉಬ್ಬಿದ್ದರೆ ಅಥವಾ ಗೇರ್‌ಬಾಕ್ಸಿನ ಕ್ಲಚ್‌ಗಳೇ ಸುಟ್ಟಿದ್ದರೆ ಎರಡು ಮಾತಿಲ್ಲ, ಬದಲಿಸಬೇಕು.

ಸ್ಟೇಟರನ್ನು ಹೊರಗಿನಿಂದಲೇ ಪರೀಕ್ಷಿಸಬಹುದು. ಹಬ್‌ನೊಳಗೆ ಬೆರಳು ತೂರಿಸಿ ಸ್ಟೇಟರ್‌ನ ಸ್ಪ್ಲೈನ್ (ಒಳಹಲ್ಲುಗಳಿರುವ) ಉಂಗುರವನ್ನು ತಿರುಗಿಸಿದರೆ ಅದು ಒಂದು ದಿಕ್ಕಿಗೆ ನಯವಾಗಿ ಸುತ್ತಬೇಕು, ಇನ್ನೊಂದು ದಿಕ್ಕಿಗೆ ಗಟ್ಟಿಯಾಗಿ ನಿಲ್ಲಬೇಕು. ಎರಡೂ ದಿಕ್ಕಿಗೆ ಸುತ್ತಿದರೆ ವನ್‌ವೇ ಕ್ಲಚ್ ಹೋಗಿದೆ, ಅಂಥ ಕಾರು ನಿಂತಲ್ಲಿಂದ ಏಳುವಾಗ ಸೋಲುತ್ತದೆ. ಎರಡೂ ದಿಕ್ಕಿಗೆ ಬಿಗಿದಿದ್ದರೆ ಏಳುವಾಗ ಸರಿಯಾಗಿಯೇ ಎದ್ದು ವೇಗದಲ್ಲಿ ಸೋತು ಬಿಸಿಯಾಗುತ್ತದೆ. ಸುತ್ತುವಾಗ ಮರಳು ಸಿಕ್ಕಿದಂತೆ ಬೆರಳಿಗೆ ತಾಕಿದರೂ ನಾನು ಅದನ್ನು ಬಳಸುವುದಿಲ್ಲ.

ಬರಿಯ ನಡುಕವಿದ್ದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಖಾಲಿ ರಸ್ತೆಯಲ್ಲಿ ನಡುಕ ಬಂದಾಗ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿದರೆ ಲಾಕಪ್ ಬಿಡುತ್ತದೆ. ತಕ್ಷಣ ನಡುಕ ನಿಂತರೆ ಲಾಕಪ್‌ನದೇ ತೊಂದರೆ, ನಿಲ್ಲದಿದ್ದರೆ ಎಂಜಿನ್ನಿನ ಮಿಸ್‌ಫೈರನ್ನು (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದನ್ನು) ಹುಡುಕಬೇಕು. ಲಾಕಪ್‌ನದೇ ಆದರೂ ಆಯಿಲ್ ಹಳೆಯದಾಗಿರಬಹುದು ಅಥವಾ ತಪ್ಪು ದರ್ಜೆಯದಾಗಿರಬಹುದು. ಸರಿಯಾದ ಆಯಿಲ್ ಹಾಕಿದ್ದರಿಂದಲೇ ಗುಣವಾದ ಕಾರುಗಳಿವೆ. ಒಮ್ಮೆ ಸಂಪಿನಿಂದ ಇಳಿಸಿದರೆ ಕನ್ವರ್ಟರ್‌ನಲ್ಲಿ ಹಳೆಯ ಆಯಿಲ್ ಬಹಳಷ್ಟು ಉಳಿಯುವುದರಿಂದ ಎರಡು ಮೂರು ಸಲ ಬದಲಿಸಬೇಕು.

ಆ ಕಾರಿಗೆ ಬೇರೆ ಕನ್ವರ್ಟರ್, ಹೊಸ ಬುಷ್, ಸೀಲ್, ಫಿಲ್ಟರ್ ಹಾಕಿ, ಕೂಲರನ್ನು ಹಿಂದುಮುಂದಾಗಿ ತೊಳೆದೆ. ಕನ್ವರ್ಟರನ್ನು ಒಳಗೆ ಕೂರಿಸುವಾಗ ಅಲ್ಲಾಡಿಸುತ್ತ ತಿರುಗಿಸಿದರೆ ಸ್ಟೇಟರ್, ಟರ್ಬೈನ್, ಪಂಪು ಹೀಗೆ ಮೂರು ಹಂತಗಳಲ್ಲಿ ಅದು ಒಳಕ್ಕೆ ಬೀಳುತ್ತದೆ. ಮೂರನೆಯದು ಬೀಳುವ ಮುನ್ನ ಬೆಲ್ ಹೌಸಿಂಗ್ ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ. ಬೆಲ್ ಹೌಸಿಂಗ್ ಪೂರ್ತಿ ಕೂಡಿದ ಮೇಲೂ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗುತ್ತಿತ್ತು, ಅದಕ್ಕೂ ಫ್ಲೆಕ್ಸ್ ಪ್ಲೇಟ್‌ಗೂ ನಡುವೆ ಸುಮಾರು 4 ಮಿ.ಮೀ. ಸಂದಿ ಇತ್ತು. ಆಮೇಲಷ್ಟೇ ಕನ್ವರ್ಟರ್ ಬೋಲ್ಟುಗಳನ್ನು ಹಾಕಿದೆ. 1,000 ಕಿ.ಮೀ. ಓಡಿದ ಮೇಲೆ ಕಾರನ್ನು ಕರೆಸಿ ಸಂಪನ್ನು ಬಿಚ್ಚಿದೆ. ತಳದ ಆಯಸ್ಕಾಂತದ ಮೇಲೆ ಬೂದು ಬಣ್ಣದ ತೆಳುವಾದ ಲೇಪವಷ್ಟೇ ಇತ್ತು. ಬೆರಳುಗಳ ನಡುವೆ ಉಜ್ಜಿ ನೋಡಿದೆ, ಒಂದು ಕಣವೂ ಕೈಗೆ ತಾಕಲಿಲ್ಲ.