ಕಚ್ಚಿಕೊಂಡ ಟೈರನ್ನು ಹಲಗೆಯಿಂದ ಬಿಡಿಸಿದ್ದು

ನನ್ನ ಹಳೆಯ ಬೈಕಿನ ಹಿಂದಿನ ಚಕ್ರ ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಉಕ್ಕಿನ ರಿಮ್ಮಿಗೆ ತುಕ್ಕು ಹಿಡಿದು ಟೈರಿನ ಬೀಡು, ಎಂದರೆ ಒಳಗೆ ತಂತಿಯ ಬಳೆ ಇರುವ ಅಂಚು, ಅದರೊಂದಿಗೆ ಒಂದಾಗಿಬಿಟ್ಟಿತ್ತು. ಮೇಲೆ ನಿಂತು ತುಳಿದರೆ ಪಕ್ಕದ ರಬ್ಬರು ತಗ್ಗುತ್ತಿತ್ತೇ ಹೊರತು ಬೀಡು ಅಲುಗುತ್ತಿರಲಿಲ್ಲ. ಬೀಡು ಬಿಡಿಸುವ ಯಂತ್ರ ನನ್ನಲ್ಲಿಲ್ಲ. ಉದ್ದನೆಯ ಹಲಗೆ, ಗಟ್ಟಿ ಮರದ ತುಂಡು, ಎರಡು ಚಪ್ಪಟೆ ಕಬ್ಬಿಣದ ಪಟ್ಟಿಗಳಿದ್ದವು. ಅಷ್ಟು ಸಾಕಾಯಿತು.

ಗಾಳಿ ಬಿಟ್ಟು ವಾಲ್ವಿನ ಪಿನ್ನನ್ನೇ ಕಳಚಿದೆ. ಚಕ್ರವನ್ನು ಇನ್ನೊಂದು ಹಳೆಯ ಟೈರಿನ ಮೇಲೆ ಮಲಗಿಸಿದೆ. ನೆಲಕ್ಕೆ ಹಾಗೇ ಇಟ್ಟರೆ ಭಾರವೆಲ್ಲ ಬ್ರೇಕ್ ಡಿಸ್ಕಿನ ಮೇಲೆ ಬಿದ್ದು ಅದು ಸೊಟ್ಟಗಾಗುವ ಭಯವಿದೆ. ರಿಮ್ಮಿನ ಸುತ್ತ ಸೋಪಿನ ನೀರು ಹಾಕಿ ಸಂದಿಗೆ ಇಳಿಯಲು ಬಿಟ್ಟೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬಾರದು, ರಬ್ಬರು ಉಬ್ಬಿ ಹಾಳಾಗುತ್ತದೆ. ಬಿಸಿ ಮಾಡಿ ಬಿಡಿಸುವ ಯೋಚನೆಯನ್ನಂತೂ ಬಿಟ್ಟೇಬಿಡಬೇಕು, ಟೈರು ಸಿಡಿದು ಪ್ರಾಣಕ್ಕೇ ಕುತ್ತಾಗಬಹುದು.

6 ಅಡಿ ಹಲಗೆಯ ಒಂದು ತುದಿಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಮೇಜಿನ ಅಡಿಪಟ್ಟಿಯ ಕೆಳಗೆ ಸಿಕ್ಕಿಸಿದೆ. ಅಲ್ಲಿಂದ ಒಂದಡಿ ದೂರಕ್ಕೆ, ಹಲಗೆಯ ಅಡಿಯಲ್ಲಿ, ಮರದ ತುಂಡನ್ನು ಬೀಡಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ತುಂಡು ರಿಮ್ಮಿನ ಅಂಚಿಗೆ ತಾಗುವಷ್ಟು ಹತ್ತಿರವಿರಬೇಕು. ಎರಡು ಬೆರಳು ಆಚೆಗಿದ್ದರೂ ಒತ್ತಡ ಬರೀ ರಬ್ಬರನ್ನು ಬಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಹಲಗೆಯ ತುದಿಯಲ್ಲಿ 60 ಕೆಜಿ ಭಾರ ಬಿದ್ದರೆ ತುಂಡಿನ ಕೆಳಗೆ ಸುಮಾರು 360 ಕೆಜಿ ಒತ್ತುತ್ತದೆ. ಕುಣಿದು ತುಳಿಯಬಾರದು, ಮೆಲ್ಲಗೆ ಭಾರ ಬಿಟ್ಟು ಕಾಯಬೇಕು. ನಾಲ್ಕು ಬೆರಳಷ್ಟು ಚಕ್ರ ತಿರುಗಿಸುವುದು, ಸೋಪಿನ ನೀರು ಬಿಡುವುದು, ಮತ್ತೆ ಒತ್ತುವುದು. ಒಂದು ಕಡೆ ಒಣಕಡ್ಡಿ ಮುರಿದಂತೆ ಸದ್ದಾಯಿತು. ಕೆಂಪು ತುಕ್ಕಿನ ಹುಡಿ ಉದುರಿ, ಬೀಡು ಕೆಳಗಿಳಿಯಿತು. ಆಮೇಲೆ ಉಳಿದ ಸುತ್ತು ತಾನಾಗಿ ಬಿಟ್ಟುಕೊಂಡಿತು. ಚಕ್ರ ಮಗುಚಿ ಇನ್ನೊಂದು ಬದಿಯನ್ನೂ ಹಾಗೆಯೇ ಬಿಡಿಸಿದೆ.

ಇನ್ನು ಬೀಡನ್ನು ರಿಮ್ಮಿನ ಅಂಚು ದಾಟಿಸಿ ಹೊರಗೆ ಎಬ್ಬಬೇಕು. ಅದಕ್ಕೆಂದೇ ಕಬ್ಬಿಣದ ಪಟ್ಟಿಗಳ ತುದಿಯನ್ನು ಅರದಿಂದ ಉಜ್ಜಿ ಗುಂಡಗೆ, ನುಣ್ಣಗೆ ಮಾಡಿಟ್ಟಿದ್ದೆ. ಸ್ಕ್ರೂಡ್ರೈವರ್ ತುದಿ ಟ್ಯೂಬನ್ನು ಸೀಳುತ್ತದೆ, ಅದು ಈ ಕೆಲಸಕ್ಕಲ್ಲ. ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ರಿಮ್ಮಿನ ಅಂಚಿಗೆ ತೊಡಿಸಿದರೆ ಗೀರು ಬೀಳುವುದಿಲ್ಲ.

ಇಲ್ಲಿ ಬಲಕ್ಕಿಂತ ಜಾಗ ಮುಖ್ಯ. ಬೀಡಿನ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ನಡುವೆ ಆಳವಾದ ಕಾಲುವೆ ಇರುತ್ತದೆ. ಎದುರು ಬದಿಯ ಬೀಡನ್ನು ಮೊಣಕಾಲಿನಿಂದ ಒತ್ತಿ ಅದರೊಳಗೆ ಇಳಿಸಿದರೆ ಮಾತ್ರ ಈಚೆ ಬದಿಯಲ್ಲಿ ಸಡಿಲ ಸಿಗುತ್ತದೆ. ವಾಲ್ವಿನ ಬುಡ ಕಾಲುವೆಯನ್ನು ಅಡ್ಡಗಟ್ಟುವುದರಿಂದ ನಾನು ವಾಲ್ವಿನ ಪಕ್ಕದಿಂದಲೇ ಎಬ್ಬಲು ಶುರುಮಾಡಿದೆ. ಪಟ್ಟಿ ತೀರಾ ಬಿಗಿಯಾದರೆ ಎದುರು ಬದಿ ಮೇಲೆ ಬಂದಿದೆ ಎಂದೇ ತಿಳಿಯಬೇಕು. ಇನ್ನಷ್ಟು ಎಳೆಯುವ ಬದಲು ಅದನ್ನು ಮತ್ತೆ ಕೆಳಗೊತ್ತಿದೆ, ಪಟ್ಟಿ ಹಗುರವಾಯಿತು. ಮೊದಲ ಬೀಡು ಹೊರಬಂದ ಮೇಲೆ ಟ್ಯೂಬ್ ಎಳೆದು, ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಎರಡನೆಯದನ್ನು ಕಳಚಿದೆ.

ಹೊಸ ಟೈರು ಹಾಕುವ ಮೊದಲು ರಿಮ್ಮಿನ ಒಳಗಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಬಣ್ಣ ಬಳಿದು, ಕಡ್ಡಿಗಳ ತಲೆ ಮುಚ್ಚುವ ರಬ್ಬರ್ ಪಟ್ಟಿಯನ್ನೂ ಬದಲಿಸಿದೆ.